ಗಲ್ಲಾದ ರೊಕ್ಕ ಯಾರದು?

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಈ ಕಸುಬಿನಲ್ಲಿ ರೊಕ್ಕ ಒಂದೇ ಸಮ ಬರುವುದಿಲ್ಲ. ಯುಗಾದಿಯಿಂದ ಮೇ ಕೊನೆಯವರೆಗೆ ಮದುವೆ ಜಂಪರ್‌ಗಳು. ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್. ಆಷಾಢ ಬಂತೆಂದರೆ ಜಿಪ್ ಬದಲಿಸುವುದು, ಹಳೇ ಡ್ರೆಸ್ ಬಿಗಿ ಮಾಡುವುದು, ಅಷ್ಟೇ. ಶ್ರಾವಣದಿಂದ ಮತ್ತೆ ಕೆಲಸ ಏರುತ್ತದೆ, ದೀಪಾವಳಿ ತನಕ ನಿಲ್ಲುವುದಿಲ್ಲ. ರಂಜಾನ್ ಹೊಲಿಗೆಯದು ಬೇರೆ ಲೆಕ್ಕ. ಅದು ವರ್ಷಕ್ಕೆ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ, ಹಾಗಾಗಿ ಹೋದ ವರ್ಷದ ಪಟ್ಟಿ ನೋಡಿ ಕೂತರೆ ಕೆಲಸ ಕೆಟ್ಟಿತು.

ನಮ್ಮ ಮನೆಯವರದು ಹೊಲ, ತೊಗರಿ. ರಾಶಿಯಾಗಿ ಮಾಲು ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗುವುದು ಡಿಸೆಂಬರ್-ಜನವರಿಯಲ್ಲಿ. ಅಲ್ಲಿ ವರ್ಷದ ರೊಕ್ಕ ಒಂದೇ ಗಂಟು.

ಅಂದರೆ ನಮ್ಮ ಮನೆಯಲ್ಲಿ ರೊಕ್ಕ ಒಂದೋ ಜಾಸ್ತಿ, ಇಲ್ಲವೋ ಇಲ್ಲವೇ ಇಲ್ಲ. ಇದ್ದಾಗ ಎಲ್ಲರೂ ಧಾರಾಳಿಗಳು. ಇಲ್ಲದಾಗ ಎಲ್ಲರಿಗೂ ಸಿಟ್ಟು. ಗಳಿಕೆ ಹೆಚ್ಚಾದರೆ ಇದು ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಖರ್ಚು ಮಾಡುವ ಮುಂಚೆ ಈ ರೊಕ್ಕ ಯಾರದು ಅಂತ ಕೇಳಿಕೊಳ್ಳಲು ಶುರು ಮಾಡಿದೆ. ಬದಲಾದದ್ದು ಇಷ್ಟೇ.

ಮೊದಲು ಅಡ್ವಾನ್ಸ್. ಯೂನಿಫಾರ್ಮ್ ಆರ್ಡರ್ ಬಂದಾಗ ಕೈಗೆ ಒಂದಿಷ್ಟು ರೊಕ್ಕ ಬರುತ್ತದೆ. ಬಟ್ಟೆ ಹೊಲಿದು ಕೊಡುವವರೆಗೆ ಅದು ಗಿರಾಕಿಯದು. ಹಾಗಾಗಿ ಅಡ್ವಾನ್ಸ್ ಬಂದರೆ ಬಿಲ್ ಪುಸ್ತಕದ ಜೊತೆ ಬೇರೆ ಲಕೋಟೆಯಲ್ಲಿ ಇಡುತ್ತೇನೆ. ದಾರ, ಲೈನಿಂಗ್, ಹುಕ್ಕು, ಫಾಲ್‌ಗೆ ಅದರಿಂದಲೇ ತೆಗೆಯುತ್ತೇನೆ. ಉಳಿದದ್ದು ಡೆಲಿವರಿ ದಿನ ಅಂಗಡಿಯದಾಗುತ್ತದೆ. ಹೌದು, ಅಂಗಡಿಯದು. ಆಗಲೂ ನನ್ನದಲ್ಲ.

ನನ್ನದು ಪಗಾರ. ಸಹಾಯಕ್ಕೆ ಬರುವ ಹುಡುಗಿಗೆ ತಿಂಗಳಿಗೆ ಪಗಾರ ಕೊಡುತ್ತೇನೆ, ನನಗೇಕೆ ಇಲ್ಲ? ಎಷ್ಟು ಅಂತ ಗೊತ್ತುಮಾಡಲು ಹಳೇ ವಹಿ ತೆಗೆದೆ. ವರ್ಷದ ಸರಾಸರಿ ಹಿಡಿಯಲಿಲ್ಲ. ಆಷಾಢದಂಥ ಸಪ್ಪೆ ತಿಂಗಳಲ್ಲಿ ಬಾಡಿಗೆ, ಕರೆಂಟ್ ಬಿಲ್, ಹುಡುಗಿಯ ಪಗಾರ ಕಳೆದು ಏನು ಉಳಿಯುತ್ತದೋ ಅದರ ಹತ್ತಿರ ಇಟ್ಟೆ. ಒಂಬತ್ತು ಸಾವಿರ. ಸರಾಸರಿ ಹಿಡಿದರೆ ಸಪ್ಪೆ ತಿಂಗಳಲ್ಲಿ ಅಷ್ಟು ತೆಗೆಯಲು ಆಗುವುದಿಲ್ಲ, ಆಗ ಇಡೀ ಪದ್ಧತಿ ಮುರಿದು ಬೀಳುತ್ತದೆ. ಮೇ ತಿಂಗಳಲ್ಲಿ ಅಂಗಡಿಗೆ ಇಪ್ಪತ್ತೈದು ಸಾವಿರ ಬಂದರೂ ನಾನು ತೆಗೆಯುವುದು ಒಂಬತ್ತೇ. ಉಳಿದದ್ದು ಆಷಾಢಕ್ಕೆ. ದೀಪಾವಳಿ ಮುಗಿದ ಮೇಲೆ ಅಂಗಡಿಯಲ್ಲಿ ಜಾಸ್ತಿ ಉಳಿದಿದ್ದರೆ ನನಗೂ ಹುಡುಗಿಗೂ ಬೋನಸ್.

ಇದಕ್ಕೆ ಎರಡು ಬ್ಯಾಂಕ್ ಖಾತೆ ಬೇಕು. ಅಂಗಡಿಯ ಕ್ಯೂಆರ್ ಕೋಡ್ ಒಂದು ಖಾತೆಗೆ, ಮನೆ ಖರ್ಚಿನದು ಇನ್ನೊಂದು ಖಾತೆ. ಎರಡೂ ಒಂದರಲ್ಲೇ ಇದ್ದರೆ ಎಷ್ಟೇ ಗಟ್ಟಿ ಮನಸ್ಸಿದ್ದರೂ ಆಗುವುದಿಲ್ಲ. ಆ ಪೇಮೆಂಟ್ ಡಬ್ಬಿ ದಿನವಿಡೀ ರೊಕ್ಕ ಬಂತು, ರೊಕ್ಕ ಬಂತು ಅಂತ ಕೂಗುತ್ತಿರುತ್ತದಲ್ವಾ, ಕೇಳಿ ಕೇಳಿ ನಾವು ಸಾಹುಕಾರರೇ ಅನ್ನಿಸಿಬಿಡುತ್ತದೆ.

ನಮ್ಮ ಕಡೆ ಪ್ರವಚನ ಕೇಳಿ ಬೆಳೆದವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೊಸದಲ್ಲ. ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು ಲಕ್ಕಮ್ಮ. ಆಸೆ ಪಡಬೇಡ ಎಂಬುದಕ್ಕೆ ಈ ಕಥೆ ಹೇಳುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮನೆಗೆ ದಿನಕ್ಕೆ ಎಷ್ಟು ಅಕ್ಕಿ ಬೇಕು ಅನ್ನುವುದು ಆಕೆಗೆ ಪಕ್ಕಾ ಗೊತ್ತಿತ್ತು. ಆ ಅಳತೆ ಗೊತ್ತಿಲ್ಲದಿದ್ದರೆ ಹೆಚ್ಚಾಯಿತು ಅಂತ ಹೇಳುವುದಾದರೂ ಹೇಗೆ? ನಮ್ಮಲ್ಲಿ ಎಷ್ಟು ಮನೆಗಳಿಗೆ ತಿಂಗಳ ಖರ್ಚು ಎಷ್ಟು ಅಂತ ಗೊತ್ತಿದೆ?

ಕಷ್ಟವಾದದ್ದು ಕೈಗಡದ ವಿಷಯ. ಹೆಣ್ಣುಮಗಳು ಅಂಗಡಿ ನಡೆಸುತ್ತಾಳೆ ಅಂದರೆ ಬಳಗದವರು ಕೇಳಿಯೇ ಕೇಳುತ್ತಾರೆ. ಮದುವೆಯ ಆಯೇರಿ (ಉಡುಗೊರೆ), ಆಸ್ಪತ್ರೆ, ಮಕ್ಕಳ ಫೀಸು, ಒಂದಲ್ಲ ಒಂದು. ಇಲ್ಲ ಅಂದರೆ ಮನಸ್ಸಿಗೆ ಚುಚ್ಚುತ್ತದೆ. ಕೊಟ್ಟರೆ ತಿರುಗಿ ಕೇಳಲು ಬಾಯಿ ಬರುವುದಿಲ್ಲ. ಅದಕ್ಕೆ ಪಗಾರದಿಂದ ತಿಂಗಳಿಗೆ ಸಾವಿರ ರೂಪಾಯಿ ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಆ ರೊಕ್ಕ ಆಗಲೇ ಬೇರೆಯವರದು, ಯಾರದು ಅಂತ ಮಾತ್ರ ಗೊತ್ತಿಲ್ಲ. ನಮ್ಮ ವೈನಿ ಒಮ್ಮೆ ಇಪ್ಪತ್ತು ಸಾವಿರ ಕೇಳಿದರು. "ವೈನಿ, ನನ್ನ ಹತ್ರ ನಾಲ್ಕು ಸಾವಿರ ಅದ. ಅದು ನಿಮ್ಮದೇ ಅಂತ ತಿಳೀರಿ, ತಿರುಗಿ ಕೊಡೋದು ಬ್ಯಾಡ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತೆಗೆದುಕೊಂಡರು. ಆಮೇಲೆ ಕೆಲವು ದಿನ ಫೋನಿಲ್ಲ. ಪಂಚಮಿಗೆ ಮಾತ್ರ ಎಂದಿನಂತೆ ಕರೆದರು, ಹೋದೆ, ಉಂಡಿ ತಿಂದು ಬಂದೆ.

ಸಾಲದ ಮಾತು. ನಮ್ಮಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ. ನೂರಕ್ಕೆ ಮೂರು ರೂಪಾಯಿ ಅಂದರೆ ಕಿವಿಗೆ ಹಗುರ. ವರ್ಷಕ್ಕೆ ಅದು 36 ರೂಪಾಯಿ. ಇನ್ನೊಂದು ಫ್ಲ್ಯಾಟ್ ಬಡ್ಡಿ. 50,000 ರೂಪಾಯಿ ಸಾಲ, ವರ್ಷಕ್ಕೆ ಶೇ 12 ಫ್ಲ್ಯಾಟ್, 12 ಕಂತು ಅಂದುಕೊಳ್ಳಿ. ಬಡ್ಡಿ 6,000. ಆದರೆ ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೆಯೇ. ನಿಜವಾದ ಬಡ್ಡಿ ಶೇ 21 ದಾಟುತ್ತದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕ್, ಫೈನಾನ್ಸ್ ಕಂಪನಿಗಳು ಸಣ್ಣ ಸಾಲಕ್ಕೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಎಲ್ಲ ಶುಲ್ಕ ಸೇರಿ ವರ್ಷದ ಬಡ್ಡಿ ಎಷ್ಟಾಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಮಷಿನ್ ಸಾಲಕ್ಕೆ ಹೋದಾಗ ನಾನು ಮೊದಲು ಕೇಳಿದ್ದೇ ಆ ಹಾಳೆ. ಕನ್ನಡದಲ್ಲಿ ಕೊಡ್ರಿ ಅಂತಲೂ ಕೇಳಿದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು.

ಭಿಶಿ, ಅಂದರೆ ಪರಿಚಯದವರೇ ಸೇರಿ ಹಾಕುವ ಚೀಟಿ, ನನಗೆ ಇಷ್ಟ. ನಮ್ಮದು ಹನ್ನೆರಡು ಜನ, ತಲೆಗೆ ಸಾವಿರ, ಚೀಟಿ ಎತ್ತಿದವರಿಗೆ ಹನ್ನೆರಡು ಸಾವಿರ. ಸವಾಲು (ಹರಾಜು) ಇಲ್ಲ, ಬಡ್ಡಿಯೂ ಇಲ್ಲ. ಲಾಭ ಏನು ಅಂತ ಕೇಳುವವರಿದ್ದಾರೆ. ಒಂದೇ ಓಣಿಯವರು, ಕಂತು ತಪ್ಪಿಸಲು ನಾಚಿಕೆ, ಅದೇ ಲಾಭ. ಅಪರಿಚಿತರು ನಡೆಸುವ ದೊಡ್ಡ ಚೀಟಿಗೆ ಮಾತ್ರ ನಾನು ಹೋಗುವುದಿಲ್ಲ. ಉಳಿತಾಯ ಇಡುವ ಮುಂಚೆಯೂ ಒಂದು ಪ್ರಶ್ನೆ ಕೇಳುತ್ತೇನೆ: ಇದು ಬ್ಯಾಂಕೋ, ಪತ್ತಿನ ಸಂಘವೋ? ಬ್ಯಾಂಕ್ ಮುಳುಗಿದರೆ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಬೋರ್ಡು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಹೊಲದ ರೊಕ್ಕಕ್ಕೆ ಈ ಪದ್ಧತಿ ಇನ್ನೂ ಪೂರ್ತಿ ಹೊಂದಿಲ್ಲ. "ಮಳೀಗೆ ಪಗಾರ ಹಚ್ಚಲಿಕ್ಕೆ ಬರ್ತದೇನು?" ಅಂತ ನಮ್ಮ ಮನೆಯವರು ನಗುತ್ತಾರೆ. ಮಾತಿನಲ್ಲಿ ಸತ್ಯ ಇದೆ. ಆದರೂ ಒಂದು ವಿಷಯಕ್ಕೆ ಒಪ್ಪಿದ್ದಾರೆ. ತೊಗರಿ ರೊಕ್ಕ ಬಂದ ಕೂಡಲೇ ಜೂನ್ ಬಿತ್ತನೆಯ ಬೀಜ, ಗೊಬ್ಬರದ ರೊಕ್ಕ ಮೊದಲು ಬೇರೆ ಇಡುವುದು, ಮೇ ಕೊನೆಗೆ ಕೈಗೆ ಬರುವ ಹಾಗೆ ಬ್ಯಾಂಕಿನಲ್ಲಿ ಹಾಕುವುದು. ಅಂಗಡಿಯವನ ಹತ್ತಿರ ಉದ್ರಿ ತಂದು ರಾಶಿಯಾದ ಮೇಲೆ ಕೊಡುವ ರೂಢಿ ಅಲ್ಲಿಗೆ ನಿಲ್ಲುತ್ತದೆ. ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿಯ ಬಗ್ಗೆ ಮಾತು ಇನ್ನೂ ನಡೆದಿದೆ.