ಜಿಪಿಎಸ್ ಬಿಟ್ಟು, ಅಳಿವೆ ಹಿಡಿದು

ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸುವ ಆಟ ಡಿಸಿಎಸ್ ವರ್ಲ್ಡ್‌ನ ಕಾಕಸಸ್ ನಕ್ಷೆ ನಮ್ಮ ಮಂಗಳೂರು-ಉಡುಪಿ ಕಡೆಯವರಿಗೆ ಬೇಗ ಒಗ್ಗುತ್ತದೆ. ಜಾರ್ಜಿಯಾದಲ್ಲೂ ಕಡಲು ಪಡುವಣಕ್ಕೆ, ಹೊಳೆಗಳು ಮೂಡಣದಿಂದ ಇಳಿದು ಬಂದು ಕಡಲು ಸೇರುವಂಥವು. ಜಿಪಿಎಸ್ ಇಲ್ಲದ, ಎರಡನೇ ಮಹಾಯುದ್ಧದ ಕಾಲದ ಪಿ-51 ಅಥವಾ ಸ್ಪಿಟ್‌ಫೈರ್ ವಿಮಾನದಲ್ಲಿ ದಾರಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹಾರಾಟವನ್ನು ನಾವೇ ರೂಪಿಸುವ ಮಿಷನ್ ಎಡಿಟರ್‌ನಲ್ಲಿ, ಎಫ್10 ಕೀ ಒತ್ತಿದರೆ ಬರುವ ನಕ್ಷೆಯನ್ನು ‘ಮ್ಯಾಪ್ ಓನ್ಲಿ’ಗೆ ಇಡಿ. ಆಗ ನಕ್ಷೆ ಇರುತ್ತದೆ, ನಿಮ್ಮ ವಿಮಾನದ ಗುರುತು ಇರುವುದಿಲ್ಲ.

ನಾನು ಬಿಡದೆ ಪಾಲಿಸುವ ಕ್ರಮ ಒಂದೇ: ಮೊದಲು ಗಡಿಯಾರ, ಆಮೇಲೆ ನಕ್ಷೆ, ಕೊನೆಗೆ ನೆಲ. ಹೆಚ್ಚಿನವರು ದಾರಿ ತಪ್ಪುವುದು ಇದನ್ನು ತಿರುವುಮುರುವು ಮಾಡಿಯೇ. ಕೆಳಗೆ ಹೊಳೆಯ ತಿರುವು ಕಂಡ ಕೂಡಲೇ ನಕ್ಷೆಯಲ್ಲಿ ಹುಡುಕಲು ಹೊರಟರೆ ಅಂಥದ್ದು ಹತ್ತು ಸಿಗುತ್ತವೆ, ನಮಗೆ ಬೇಕಾದ್ದನ್ನೇ ಮನಸ್ಸು ಆರಿಸಿಕೊಳ್ಳುತ್ತದೆ. ಇಷ್ಟು ನಿಮಿಷಕ್ಕೆ ಇಂಥದ್ದು ಇಂಥ ಕಡೆ ಕಾಣಬೇಕು ಎಂದು ಮೊದಲೇ ಗೊತ್ತಿರಬೇಕು.

ಕುಟೈಸಿಯ ಕೊಪಿಟ್ನಾರಿ ನಿಲ್ದಾಣದಿಂದ ಪೋಟಿ ಬಂದರಿಗೆ ಹೋಗೋಣ. ದೂರ ಸುಮಾರು 67 ಕಿ.ಮೀ., ಅಂದರೆ 42 ಮೈಲಿ. ಗಂಟೆಗೆ 240 ಮೈಲಿ ನಿಜವೇಗ ಇಟ್ಟುಕೊಂಡರೆ ನಿಮಿಷಕ್ಕೆ 4 ಮೈಲಿ, ಲೆಕ್ಕ ಬಾಯಲ್ಲೇ ಆಗುತ್ತದೆ. ಆದರೆ ಎತ್ತರಕ್ಕೆ ಹೋದಂತೆ ವೇಗದ ಮುಳ್ಳು ಕಡಿಮೆ ತೋರಿಸುತ್ತದೆ, ಸಾವಿರ ಅಡಿಗೆ ಹೆಚ್ಚುಕಡಿಮೆ ನೂರಕ್ಕೆ ಎರಡರಂತೆ. 5,000 ಅಡಿಯಲ್ಲಿ ಮುಳ್ಳು 220ರ ಆಸುಪಾಸು ಇದ್ದರೆ ಸಾಕು. ಅಲ್ಲೂ 240 ಹಿಡಿದರೆ ಪ್ರತಿ ಗುರುತೂ ಹೇಳಿದ್ದಕ್ಕಿಂತ ಮೊದಲೇ ಬಂದು ತಲೆ ಕೆಡಿಸುತ್ತದೆ. ದಿಕ್ಕು ನಕ್ಷೆಯಲ್ಲಿ 268 ಡಿಗ್ರಿ. ಅಲ್ಲಿನ ಕಾಂತ ವ್ಯತ್ಯಾಸ, ಅಂದರೆ ನಿಜ ಉತ್ತರಕ್ಕೂ ಕಾಂಪಸ್ ತೋರಿಸುವ ಉತ್ತರಕ್ಕೂ ಇರುವ ಅಂತರ, ಸುಮಾರು 6 ಡಿಗ್ರಿ ಪೂರ್ವ, ಹಾಗಾಗಿ ಕಾಂಪಸ್‌ನಲ್ಲಿ 262. ಎರಡನೇ ನಿಮಿಷಕ್ಕೆ ಸಮ್ಟ್ರೆಡಿಯಾ ಪಟ್ಟಣ, ಎಡಗಡೆ ರಿಯೋನಿ ಹೊಳೆ. ಹತ್ತೂವರೆ ನಿಮಿಷಕ್ಕೆ ಪೋಟಿ, ಅದರ ದಕ್ಷಿಣಕ್ಕೇ ಪಾಲಿಯಾಸ್ಟೋಮಿ ಸರೋವರ. ಬಂದರು ಮತ್ತು ಸರೋವರ ಎರಡೂ ಕಂಡರೆ ಮಾತ್ರ ಪೋಟಿ ಎನ್ನಿ. ಒಂದೇ ಗುರುತನ್ನು ನಂಬಬಾರದು.

ಕಷ್ಟ ಶುರುವಾಗುವುದು ಕಾಳಗ ಮುಗಿದ ಮೇಲೆ. ಮಗುಚಿ ಹೊರಳಿದಾಗ ದಿಕ್ಕು ತೋರಿಸುವ ಉಪಕರಣ ಡೈರೆಕ್ಷನಲ್ ಗೈರೋ ಉರುಳಿ ಸುಳ್ಳು ತೋರಿಸುತ್ತಿರುತ್ತದೆ. ಅರ್ಧ ನಿಮಿಷ ರೆಕ್ಕೆ ಸಮ ಮಾಡಿ, ವೇಗ ಬದಲಿಸದೆ ಹಾರಿ, ಕಾಂಪಸ್ ನಿಂತ ಮೇಲೆ ಗೈರೋವನ್ನು ಅದಕ್ಕೆ ಹೊಂದಿಸಿ. ತಿರುಗುತ್ತಾ ಓದಿದ ಕಾಂಪಸ್ ಯಾವುದಕ್ಕೂ ಬಾರದು. ಆಮೇಲೆ ಮೂಡಣದಿಂದ ಕಡಲ ದಡದ ಬಟೂಮಿಗೆ ಮರಳುವಾಗ ನೇರ ಗುರಿ ಇಡಬೇಡಿ. ಬೇಕೆಂದೇ 10 ಡಿಗ್ರಿ ಉತ್ತರಕ್ಕೆ ಸರಿದು ಹೋಗಿ. 60 ಕಿ.ಮೀ. ಹಾರುವಾಗ ಒಂದು ಡಿಗ್ರಿ ಸರಿದರೆ ಒಂದು ಕಿ.ಮೀ. ಪಕ್ಕಕ್ಕೆ ಹೋಗುತ್ತೇವೆ, ಆದ್ದರಿಂದ ಅಷ್ಟು ದೂರದಿಂದ ಹೊರಟರೆ ನೀವು ಸುಮಾರು 10 ಕಿ.ಮೀ. ಉತ್ತರದಲ್ಲಿ ಕಡಲು ಮುಟ್ಟುತ್ತೀರಿ. ಗಾಳಿ ಸ್ವಲ್ಪ ತಳ್ಳಿದರೂ ಊರು ಎಡಕ್ಕೇ ಉಳಿಯುತ್ತದೆ. ಎಡಕ್ಕೆ ತಿರುಗಿ, ಕಡಲನ್ನು ಬಲರೆಕ್ಕೆಯ ಕೆಳಗಿಟ್ಟು ನಡೆಯಿರಿ. ನೇರ ಗುರಿ ಇಟ್ಟಿದ್ದರೆ ದಡದಲ್ಲಿ ಎಡವೋ ಬಲವೋ ತಿಳಿಯದೆ ಇಂಧನ ಸುಡುತ್ತೀರಿ.

ಇದನ್ನೇ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನಮ್ಮೂರ ಮೇಲೆ ಅಭ್ಯಾಸ ಮಾಡಬಹುದು. ಬಜಪೆಯಿಂದ ಎದ್ದು ಪಣಂಬೂರಿನ ನವಮಂಗಳೂರು ಬಂದರಿನ ಮೇಲೆ ಗಡಿಯಾರ ಒತ್ತಿ. ಅಲ್ಲಿಂದ ಮಲ್ಪೆ ಸುಮಾರು 48 ಕಿ.ಮೀ., ದಿಕ್ಕು 345ರ ಹತ್ತಿರ. ಗಂಟೆಗೆ 360 ಕಿ.ಮೀ. ಎಂದರೆ ನಿಮಿಷಕ್ಕೆ 6, ಒಟ್ಟು 8 ನಿಮಿಷ. ಎರಡೂವರೆ ನಿಮಿಷಕ್ಕೆ ಶಾಂಭವಿ-ನಂದಿನಿ ಕೂಡುವ ಸಸಿಹಿತ್ಲು ಅಳಿವೆ, ಐದೂವರೆಗೆ ಕಾಪು, ಎಂಟಕ್ಕೆ ಉದ್ಯಾವರ ಹೊಳೆಯ ಬಾಯಿ, ಆಚೆ ಸೇಂಟ್ ಮೇರೀಸ್ ದ್ವೀಪ. 1901ರ ಕಾಪು ದೀಪಸ್ತಂಭ ಕಂಡರೆ ಸಂತೋಷ, ಅದನ್ನೇ ನೆಚ್ಚಿಕೊಳ್ಳಬೇಡಿ. ಅಷ್ಟು ಸಣ್ಣ ವಸ್ತು ಮೇಲಿನಿಂದ ಕಾಣುವಷ್ಟರಲ್ಲಿ ದಾಟಿ ಹೋಗಿರುತ್ತೀರಿ. ಅಳಿವೆ ಹಾಗಲ್ಲ, ದೂರದಿಂದಲೇ ಬೆಳ್ಳಗೆ ಹೊಳೆಯುತ್ತದೆ. ಗುರುತು ಒಂದು ನಿಮಿಷ ತಡವಾದರೆ ಹುಡುಕುತ್ತಾ ಸುತ್ತಬೇಡಿ. ಅದೇ ದಿಕ್ಕಿನಲ್ಲಿ ಮುಂದಿನ ಗುರುತಿನವರೆಗೆ ಹೋಗಿ, ಅಲ್ಲಿ ಸಮಯ ತಿದ್ದಿಕೊಳ್ಳಿ.