ಕೀಬೋರ್ಡ್ ಕೊಳೆ ತೆಗೆಯೋಕೆ ಸೈಕಲ್ ಪಂಪ್, ಹಳೇ ಟೂತ್ ಬ್ರಷ್ ಸಾಕು

ಎಲ್ರಿಗೂ ನಮಸ್ಕಾರ, ನಮ್ಮ ಸೋಮವಾರಪೇಟೆ ಕಡೆ ಕಾಫಿ ಒಣಗ್ಸೋ ಕಣದ ಧೂಳು ಒಂದು ಸೀಸನ್, ಆಮೇಲೆ ಮಳೆಗಾಲದ ತೇವ, ಎರಡೂ ಸೇರಿ ಕೀಬೋರ್ಡ್ ಸಂದೀಲಿ ಅಂಟು ಥರ ಕೂತ್ಕೊಳ್ಳುತ್ತೆ ಅಲ್ವಾ, ಅದಕ್ಕೆ ನಾನು ಮಾಡೋದು ಹೇಳ್ತೀನಿ.

ಮೊದ್ಲು ವಯರ್ ಕಿತ್ತು, ಬೋರ್ಡ್ ತಲೆಕೆಳಗು ಮಾಡಿ ಮೆಲ್ಲಗೆ ತಟ್ಟಿ, ಆಮೇಲೆ ಸೈಕಲ್ ಪಂಪಿಂದ ಓರೆಯಾಗಿ ಗಾಳಿ ಹೊಡೀರಿ. ಬಾಯಲ್ಲಿ ಊದ್ಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತೆ. ಸಂದೀಲಿ ಉಳಿದ ಕೂದಲು, ಬಿಸ್ಕತ್ ಪುಡಿಗೆ ಸ್ಟಿಕಿ ನೋಟಿನ ಅಂಟು ಇರೋ ಕಡೆಯನ್ನ ಒಳಗೆ ತೂರಿಸಿ ಎಳೆದ್ರೆ ಎಲ್ಲಾ ಅಂಟ್ಕೊಂಡು ಬರುತ್ತೆ, ಇದು ನಿಜಕ್ಕೂ ತುಂಬಾ ಒಳ್ಳೇ ಉಪಾಯ.

ಕೀ ಮೇಲಿನ ಜಿಡ್ಡಿಗೆ ಮೆಡಿಕಲ್ ಶಾಪಲ್ಲಿ ಸಿಗೋ 70% ಐಸೊಪ್ರೊಪೈಲ್ ಆಲ್ಕೋಹಾಲ್, ಬಟ್ಟೆಗೆ ಸ್ವಲ್ಪ ಹಚ್ಚಿ ಒರೆಸಿ, ನೇರವಾಗಿ ಸುರೀಬೇಡಿ. ಮೂಲೆಗೆ ಹಳೇ ಟೂತ್ ಬ್ರಷ್.

ಡೆಸ್ಕ್‌ಟಾಪ್ ಮೆಕ್ಯಾನಿಕಲ್ ಕೀಬೋರ್ಡ್ (ಒಂದೊಂದು ಕೀಗೂ ಬೇರೆ ಸ್ವಿಚ್ ಇರೋದು) ಆದ್ರೆ ಮೊಬೈಲಲ್ಲಿ ಒಂದು ಫೋಟೋ ತೆಗ್ದಿಟ್ಕೊಂಡು (ಯಾವ ಕೀ ಎಲ್ಲಿತ್ತು ಅಂತ ಆಮೇಲೆ ಹುಡುಕೋದು ಬೇಡ) ಕೀ ಮೇಲಿನ ಪ್ಲಾಸ್ಟಿಕ್ ಕ್ಯಾಪ್‌ಗಳನ್ನ ಬಿಚ್ಚಿ, ಅವನ್ನ ಮಾತ್ರ, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿಡಿ. ಜುಲೈನಲ್ಲಿ ಮಾಡೋರು ಒಣಗ್ಸೋದ್ರಲ್ಲಿ ಅವಸರ ಮಾಡ್ಬೇಡಿ, ಇಲ್ಲಿನ ಗಾಳೀಲಿ ಒಂದು ದಿನಕ್ಕೆಲ್ಲಾ ಒಣಗಲ್ಲ, ಫ್ಯಾನ್ ಕೆಳಗೆ ಎರಡು ದಿನ ಬಿಡಿ. ಒಲೆ ಹತ್ರ ಇಟ್ರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಲ್ಯಾಪ್‌ಟಾಪ್ ಕೀ ಮಾತ್ರ ಕೀಳ್ಬೇಡಿ, ಕೆಳಗಿನ ಕ್ಲಿಪ್ ಮುರಿದ್ರೆ ಮತ್ತೆ ಕೂರಿಸೋದು ಬಹಳ ಕಷ್ಟ.