ಹೋಗಿ ಬಂದ್ರೂ ‘ಬೀನ್’, ಬಂದು ಹೋದ್ರೂ ‘ಬೀನ್’

ಬ್ರಿಟನ್ನಿನ ಒಂದು ಕೊರಿಯರ್ ಕಂಪನಿಗೆ ಬೆಂಗಳೂರಲ್ಲಿ ಕೂತು ಕಸ್ಟಮರ್ ಸಪೋರ್ಟ್ ಮಾಡ್ತೀನಿ. ಬೇಸಿಗೇಲಿ ಮಧ್ಯಾಹ್ನ 1.30ಕ್ಕೆ ಶಿಫ್ಟು, ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರಲ್ಲ, ಆಗ 2.30. ಫೋನಲ್ಲಿ ಬರೋದೆಲ್ಲ ಒಂದೇ ಪುರಾಣ: ಪಾರ್ಸಲ್ ಬಂತಾ, ಎಲ್ಲಿಗೆ ಹೋಯ್ತು, ಡ್ರೈವರ್ ಯಾವಾಗ ಬಂದ, ವಾಪಸ್ ಯಾಕೆ ಹೋದ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಗೋ-ವೆಂಟ್-ಗಾನ್ ಎಲ್ಲ ಬಾಯಿಪಾಠ, ಆದ್ರೆ ಆ ಮೂರನ್ನ ಇಟ್ಕೊಂಡು ಈ ಜನರ ಮಾತು ಹಿಡಿಯಕ್ಕೆ ಆಗಲ್ಲ ಅಂತ ಬೇಗ ಗೊತ್ತಾಯ್ತು.

ನಾನು ಮಾಡಿದ್ದು ಇಷ್ಟೇ. ನಮ್ಮ ಫ್ಲೋರಲ್ಲಿ ಪೆನ್ನು ಪೇಪರ್ ಒಳಗೆ ಬಿಡಲ್ಲ, ಹಂಗಾಗಿ ಟೀ ಬ್ರೇಕಲ್ಲಿ ಹೊರಗೆ ಬಂದು, ಕಿವೀಲಿ ಉಳ್ಕೊಂಡಿರೋ ಒಂದೆರಡು ವಾಕ್ಯನ (ಹೆಸರು ಅಡ್ರೆಸ್ ಏನೂ ಇಲ್ದೆ) ಮೊಬೈಲಲ್ಲಿ ಟೈಪ್ ಮಾಡ್ಕೊತಿದ್ದೆ, ಪಕ್ಕದಲ್ಲೇ ಇದನ್ನೇ ನಮ್ಮಮ್ಮ ಆಗಿದ್ರೆ ಹೆಂಗೆ ಹೇಳ್ತಿದ್ರು ಅಂತ ಕನ್ನಡದಲ್ಲಿ ಬರೀತಿದ್ದೆ. ಡಿಕ್ಷನರಿ ಅರ್ಥ ಬರೀತಿರ್ಲಿಲ್ಲ, ಬರೆದ್ರೆ ‘ಚಲಿಸು’ ಗಿಲಿಸು ಅಂತ ಯಾರೂ ಬಾಯಲ್ಲಿ ಆಡದ ಪದ ಸಿಗುತ್ತೆ.

ಮೊದಲು ತಲೆ ಕೆಡಿಸಿದ್ದು ‘ಬೀನ್’. ‘ಹ್ಯಾಸ್ ದ ಡ್ರೈವರ್ ಬೀನ್?’ ಅಂತಾರೆ. ಎಲ್ಲಿ ಬೀನ್, ಏನು ಬೀನ್, ಮುಂದೆ ಏನೂ ಇಲ್ಲ. ಅಮ್ಮನ ಬಾಯಿಗೆ ಹಾಕಿ ನೋಡಿದ್ರೆ, ‘ಡ್ರೈವರ್ ಬಂದು ಹೋದ್ನಾ?’ ಅಷ್ಟೇ. ಅದೇ ‘ಐ ಹ್ಯಾವ್ ಬೀನ್ ಟು ದ ಡಿಪೋ’ ಅಂದ್ರೆ ಡಿಪೋಗೆ ಹೋಗಿ ಬಂದೆ. ನಮಗೆ ಎರಡು ಬೇರೆ ಬೇರೆ ಪ್ರಯಾಣ, ಅವರಿಗೆ ಎರಡಕ್ಕೂ ಒಂದೇ ಪದ, ಹೋಗೋದೂ ಬರೋದೂ ಮುಗಿದಿದೆ ಅನ್ನೋದು ಮಾತ್ರ ಮುಖ್ಯ. ‘ಗಾನ್’ ಅಂದ್ರೆ ಮಾತ್ರ ಹುಷಾರು. ಪಕ್ಕದ ಮನೆಯವರು ‘ಹ್ಯಾವ್ ಗಾನ್ ಟು ಸ್ಪೇನ್’ ಅಂದ್ರೆ ಇನ್ನೂ ಅಲ್ಲೇ ಇದ್ದಾರೆ, ಪಾರ್ಸಲ್ ಅವರ ಕೈಗೆ ಕೊಡಿಸೋ ಹಾಗಿಲ್ಲ. ‘ಹ್ಯಾವ್ ಬೀನ್ ಟು ಸ್ಪೇನ್’ ಆದ್ರೆ ವಾಪಸ್ ಬಂದಾಗಿದೆ. ಡ್ರೈವರ್ ಬಗ್ಗೆ ಹಂಗೆ ಬರೀ ‘ಬೀನ್’ ಅಂದು ನಿಲ್ಲಿಸೋದು ಹೆಚ್ಚಾಗಿ ಬ್ರಿಟಿಷರ ರೂಢಿ, ಅಮೆರಿಕದವರ ಬಾಯಲ್ಲಿ ಅಷ್ಟಾಗಿ ಕೇಳಲ್ಲ.

ನನಗೆ ನಿಜವಾಗ್ಲೂ ಬಾಗಿಲು ತೆರೆದಿದ್ದು ಇನ್ನೊಂದು ವಿಷಯ. ನಾವು ನಡ್ಕೊಂಡು ಹೋದೆ, ಕಾರಲ್ಲಿ ಹೋದೆ, ಓಡಿ ಹೋದ, ಹಾರಿ ಹೋಯ್ತು ಅಂತೀವಿ, ಎಲ್ಲದರ ಕೊನೇಲೂ ‘ಹೋಗು’ ಕೂತಿರುತ್ತೆ, ಹೆಂಗೆ ಹೋದ ಅನ್ನೋದು ಅದರ ಮುಂದೆ ಬರುತ್ತೆ. ಅವರು ಹೆಂಗೆ ಅನ್ನೋದನ್ನೇ ಕ್ರಿಯಾಪದ ಮಾಡ್ತಾರೆ: ‘ಐ ವಾಕ್ಡ್ ಟು ದ ಸ್ಟೇಷನ್’, ‘ಐ ಡ್ರೋವ್ ಓವರ್’, ‘ಹೀ ರ‍್ಯಾನ್ ಆಫ್’. ‘ಗೋ’ ಮಾಯ. ಎತ್ತ ಕಡೆಗೆ ಅನ್ನೋದು ಆಮೇಲೆ ಬರೋ ಓವರ್, ಆಫ್, ರೌಂಡ್, ಬ್ಯಾಕ್ ಅನ್ನೋ ಚಿಲ್ಲರೆ ಪದಗಳಲ್ಲಿರುತ್ತೆ. ನಾವು ‘ಐ ವೆಂಟ್ ಬೈ ವಾಕ್’ ಅನ್ನೋದು ಇದಕ್ಕೇ, ಕನ್ನಡದ ‘ಹೋಗು’ನ ಬಿಡಕ್ಕೆ ಮನಸ್ಸಾಗಲ್ಲ. ಭಾಷೆಗಳನ್ನ ಹಿಂಗೆ ಗುಂಪು ಮಾಡಬಹುದು ಅಂತ ಲಿಯೊನಾರ್ಡ್ ಟಾಲ್ಮಿ ಅನ್ನೋ ಅಮೆರಿಕದ ಭಾಷಾವಿಜ್ಞಾನಿ 1985ರಲ್ಲೇ ಬರೆದಿದ್ದಾರಂತೆ, ನಾನು ಓದಿದ್ದು ಬಹಳ ಆಮೇಲೆ.

ಇದು ಗೊತ್ತಾದ್ಮೇಲೆ ಕಿವಿಗೆ ಕೆಲಸ ಸುಲಭ ಆಯ್ತು, ದೊಡ್ಡ ಪದ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಹಿಂದಿರೋ ಚಿಲ್ಲರೆ ಪದ ಹಿಡ್ಕೊಂಡ್ರೆ ದಿಕ್ಕು ಸಿಗುತ್ತೆ. ‘ಐ ಓನ್ಲಿ ಪಾಪ್ಡ್ ಔಟ್ ಫಾರ್ ಎ ಮಿನಿಟ್’ ಅಂತ ಒಬ್ಬರು ರೇಗಿದ್ರು. ಪಾಪ್ ಏನೋ ಗೊತ್ತಿಲ್ಲ, ಔಟ್ ಗೊತ್ತು. ಪಕ್ಕದಲ್ಲಿ ಬರ್ಕೊಂಡೆ: ‘ಹಿಂಗ್ ಹೋಗಿ ಹಂಗ್ ಬಂದೆ.’ ಇದಕ್ಕಿಂತ ಚೆನ್ನಾಗಿ ಯಾವ ಡಿಕ್ಷನರೀನೂ ಹೇಳಲ್ಲ ಬಿಡಿ. ‘ನಿಪ್ಡ್ ಟು ದ ಶಾಪ್ಸ್’ ಅನ್ನೋದೂ ಅದೇ ಜಾತಿ.

‘ಕಮ್’ ವಿಷಯದಲ್ಲಿ ಕನ್ನಡದವರಿಗೆ ಅಷ್ಟು ಕಷ್ಟ ಇಲ್ಲ. ಕೇಳೋರ ಹತ್ರ ಹೋಗೋದಾದ್ರೆ ಅವರೂ ‘ಕಮ್’, ನಾವೂ ‘ನಿಮ್ಮನೆಗೆ ಬರ್ತೀನಿ’. ಚಾರ್ಲ್ಸ್ ಫಿಲ್ಮೋರ್ ಅನ್ನೋ ಇನ್ನೊಬ್ಬ ಭಾಷಾವಿಜ್ಞಾನಿ 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಜ್‌ನಲ್ಲಿ ಬರೋದು ಹೋಗೋದರ ಮೇಲೇ ಒಂದು ಉಪನ್ಯಾಸ ಕೊಟ್ಟಿದ್ರು, ಅಂದ್ರೆ ಅವರಲ್ಲೂ ಇದು ತಲೆ ತಿನ್ನೋ ವಿಷಯಾನೇ. ಎಡವೋದು ಬೀಳ್ಕೊಳ್ಳುವಾಗ. ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅಂದ್ರೆ ಅಜ್ಜಿ ಬೈತಾರೆ, ‘ಬರ್ತೀನಿ’ ಅನ್ಬೇಕು. ಅದನ್ನೇ ಇಂಗ್ಲಿಷಿಗೆ ಎಳೆದು ‘ಓಕೆ, ಐಯಾಮ್ ಕಮಿಂಗ್’ ಅಂದ್ರೆ ಆ ಕಡೆಯವರು ಬಾಗಿಲು ತೆಗೆದು ಕಾಯ್ತಾರೆ. ಅವರು ‘ರೈಟ್, ಐಯಾಮ್ ಆಫ್’ ಅಂತಾರೆ, ಇಲ್ಲಾ ‘ಐ ಬೆಟರ್ ಗೆಟ್ ಗೋಯಿಂಗ್’.

ಇನ್ನು ಹಾಳಾಗೋ ಸಾಮಾನು. ಇದರಲ್ಲಿ ಕನ್ನಡ ಇಂಗ್ಲಿಷ್ ಎರಡೂ ಅಣ್ಣತಮ್ಮ. ನಮ್ಮಲ್ಲಿ ಕಳೆದು ಹೋಯ್ತು, ಕೆಟ್ಟು ಹೋಯ್ತು, ಕರೆಂಟ್ ಹೋಯ್ತು. ಅವರಲ್ಲಿ ‘ಗಾನ್ ಮಿಸ್ಸಿಂಗ್’, ಹಾಲು ‘ಗಾನ್ ಆಫ್’, ಪವರ್ ‘ವೆಂಟ್ ಔಟ್’. ಪಾತ್ರೆಯ ಹಿಡಿ ಕಿತ್ತು ಬಂದ್ರೆ ‘ದ ಹ್ಯಾಂಡಲ್ ಕೇಮ್ ಆಫ್’. ಧೈರ್ಯವಾಗಿ ಕನ್ನಡದಿಂದಲೇ ಹೊರಡಬಹುದು. ಅಲಾರಂ ಒಂದು ಮಾತ್ರ ತಿಕ್ಕಲು, ‘ವೆಂಟ್ ಆಫ್’ ಅಂದ್ರೆ ಆಫ್ ಆಯ್ತು ಅಂತಲ್ಲ, ಬಡ್ಕೊಳ್ತು ಅಂತ.

ಆದ್ರೆ ನಮ್ಮ ‘ಬಂತು’ ಅಲ್ಲಿ ನಡೆಯಲ್ಲ. ಜ್ವರ ಬಂತು, ನಿದ್ದೆ ಬಂತು, ಕೋಪ ಬಂತು, ಮಳೆ ಬಂತು, ಕನ್ನಡ ಬರುತ್ತೆ. ನಮಗೆ ಎಲ್ಲವೂ ಎಲ್ಲಿಂದಲೋ ಬಂದು ಮೈಮೇಲೆ ಕೂರೋ ವಸ್ತುಗಳು. ಅವರ ಕೋಪ ಬರಲ್ಲ, ಅವರೇ ಕೋಪ ಆಗ್ತಾರೆ, ‘ಐ ಗಾಟ್ ಆ್ಯಂಗ್ರಿ’. ನಿದ್ದೆ ಬಂದ್ರೆ ‘ಐಯಾಮ್ ಸ್ಲೀಪಿ’. ನನ್ನ ಮೊಬೈಲ್ ಪಟ್ಟೀಲಿ ‘ಬಂತು’ಗೆ ಬೇರೇನೇ ಒಂದು ಭಾಗ ಇದೆ, ಅದೇ ಅತಿ ಉದ್ದ.

‘ರೀಚ್’ ಕೂಡ ಹಂಗೇ. ‘ಐ ರೀಚ್ಡ್’ ಅಂತ ಅರ್ಧಕ್ಕೆ ನಿಲ್ಲಿಸೋರು ನಾವೇ, ಅವರು ‘ಐಯಾಮ್ ಹಿಯರ್’, ‘ಗಾಟ್ ಹೋಮ್’ ಅಂತಾರೆ. ಹೊರಟ್ರೆ ‘ಲೆಫ್ಟ್ ಟು ಲೀಡ್ಸ್’ ಅಲ್ಲ, ‘ಲೆಫ್ಟ್ ಫಾರ್ ಲೀಡ್ಸ್’.

ಈಗ ಹೊಸಬರು ಸೇರಿದಾಗ ಆ ಪಟ್ಟಿ ಶೇರ್ ಮಾಡ್ತೀನಿ, ಮೊದಲು ಕನ್ನಡದ ಸಾಲು ಮಾತ್ರ ತೋರಿಸಿ ಇಂಗ್ಲಿಷ್ ಅವರಿಂದ ಹೇಳಿಸ್ತೀನಿ. ಅವರು ಈಗಲೂ ಸಿಕ್ಕಾಕೊಳ್ಳೋದು ಕಥೆ ಹೇಳೋ ಕಸ್ಟಮರ್ ಹತ್ರ. ‘ಸೋ ಹೀ ಗೋಸ್, ನೋಬಡೀಸ್ ಇನ್, ಆ್ಯಂಡ್ ಐ ಗೋ, ಐಯಾಮ್ ಸ್ಟ್ಯಾಂಡಿಂಗ್ ರೈಟ್ ಹಿಯರ್!’ ಯಾರೂ ಎಲ್ಲಿಗೂ ಹೋಗಿಲ್ಲ ಸ್ವಾಮಿ, ಅವನು ಹಂಗಂದ, ನಾನು ಹಿಂಗಂದೆ ಅಂತ. ಹೊಸಬ ನೋಟ್ಸಲ್ಲಿ ‘ಡ್ರೈವರ್ ಹೋದ, ಕಸ್ಟಮರ್ರೂ ಹೋದ್ರು’ ಅಂತ ಟೈಪ್ ಮಾಡೋದ್ರೊಳಗೆ ಮ್ಯೂಟ್ ಒತ್ತಿ ಹೇಳ್ಬೇಕಾಗುತ್ತೆ.